ಮಡಿಯ ಬೆಲೆ: ಬಟ್ಟೆ ಒಗೆಯುವ ವಿದ್ಯೆಯ ಚರಿತ್ರೆ

ಅರಸರ ಕಾಳಗಗಳನ್ನೂ ದಾನಶಾಸನಗಳನ್ನೂ ಕುರಿತು ನಮ್ಮ ನುಡಿಯಲ್ಲಿ ಬೇಕಾದಷ್ಟು ಬರೆಹಗಳು ಬಂದಿರುತ್ತವೆ. ಆದರೆ ಆ ಅರಸರು ಉಟ್ಟ ವಸ್ತ್ರಗಳನ್ನು ಒಗೆದವರು ಯಾರು, ಯಾವ ದ್ರವ್ಯದಿಂದ ಒಗೆದರು, ಅದಕ್ಕೆ ಎಷ್ಟು ಸೌದೆ, ಎಷ್ಟು ನೀರು, ಎಷ್ಟು ದುಡಿಮೆ ವೆಚ್ಚವಾಯಿತು ಎಂಬುದನ್ನು ವಿಚಾರಿಸಿದವರು ವಿರಳ. ಇಂಧನವನ್ನೂ ನೀರನ್ನೂ ಮಿತವಾಗಿ ಬಳಸಬೇಕೆಂಬ ಮಾತು ಜಗತ್ತಿನ ಎಲ್ಲ ಕಡೆಗಳಲ್ಲಿಯೂ ಕೇಳಿಬರುತ್ತಿರುವ ಈ ಕಾಲದಲ್ಲಿ, ನಮ್ಮ ಹಿಂದಿನವರು ಅಲ್ಪ ಇಂಧನದಿಂದ ಬಟ್ಟೆಯನ್ನು ಹೇಗೆ ಬೆಳ್ಳಗೆ ಮಾಡುತ್ತಿದ್ದರೆಂಬುದನ್ನು ತಿಳಿಯುವುದು ಉಪಯುಕ್ತವಾದ ವಿಚಾರವೇ ಸರಿ. ಅದರ ಜೊತೆಯಲ್ಲಿಯೇ, ಆ ಉಳಿತಾಯದ ಬೆಲೆಯನ್ನು ತೆತ್ತವರು ಯಾರೆಂಬುದನ್ನೂ ಕೇಳಿ ನೋಡುವುದು ನ್ಯಾಯವಾದುದು.

ಮೊದಲು ಮಾತಿನಿಂದಲೇ ಆರಂಭಿಸಬಹುದು. ‘ಮಡಿ’ ಎಂಬ ಕನ್ನಡ ಶಬ್ದಕ್ಕೆ ಒಗೆದು ಶುಚಿಯಾದ ಬಟ್ಟೆ ಎಂಬುದೂ, ಆ ಬಟ್ಟೆಯಿಂದ ಬರುವ ಶುದ್ಧಸ್ಥಿತಿ ಎಂಬುದೂ ಅರ್ಥಗಳು. ಮಡಿಯನ್ನು ಮಾಡಿಕೊಡುವವನು ಮಡಿವಾಳ; ತುಳುವಿನಲ್ಲಿ ಮಡ್ಯೆಲೆ. ಇದೇ ಕಾಯಕದವನಿಗೆ ಹಳಗನ್ನಡದಲ್ಲಿದ್ದ ‘ಅಸಗ’ ಎಂಬ ಹೆಸರು ಅಕ್ಷರಗಳು ಹಿಂದುಮುಂದಾಗಿ ಈಗಿನ ‘ಅಗಸ’ ಆಯಿತು. ಕ್ರಿ.ಶ. ೮೫೩ರಲ್ಲಿ ಸಂಸ್ಕೃತದಲ್ಲಿ ವರ್ಧಮಾನಚರಿತವನ್ನು ಬರೆದ ಜೈನ ಕವಿಯ ಹೆಸರೂ ಅಸಗನೆಂದೇ. ಕನ್ನಡದಲ್ಲಿಯೂ ಈತನು ದೊಡ್ಡ ಕವಿಯಾಗಿದ್ದನೆಂಬುದು ತರುವಾಯದ ಕವಿಗಳು ಅವನನ್ನು ನೆನೆದಿರುವುದರಿಂದ ತಿಳಿಯುತ್ತದೆ. ಆದರೆ ಆ ಕನ್ನಡ ಕೃತಿಗಳು ಉಳಿದುಬಂದಿಲ್ಲ. ಹನ್ನೆರಡನೆಯ ಶತಮಾನದಲ್ಲಿ ದೇವರ ಹಿಪ್ಪರಗಿಯ ಮಾಚಿದೇವನು ಕಲ್ಯಾಣದ ಶರಣರ ಬಟ್ಟೆಗಳನ್ನು ಒಗೆಯುವುದನ್ನೇ ಕಾಯಕವಾಗಿ ಕೈಗೊಂಡು, ‘ಕಲಿದೇವ’ನ ಅಂಕಿತದಲ್ಲಿ ವಚನಗಳನ್ನು ಬರೆದನು. ಕಾಯಕವಿಲ್ಲದವರ ಬಟ್ಟೆಯನ್ನು ಆತನು ಮುಟ್ಟುತ್ತಿರಲಿಲ್ಲವೆಂದೂ, ಕಲ್ಯಾಣದ ಕ್ರಾಂತಿಯ ಕಾಲದಲ್ಲಿ ವಚನಗಳ ಕಟ್ಟುಗಳನ್ನು ಕಾಯುವುದಕ್ಕಾಗಿ ಹೋರಾಡಿದನೆಂದೂ ಪರಂಪರೆ ಹೇಳುತ್ತದೆ. ಇಷ್ಟರಿಂದಲೇ ಈ ಕಸುಬು ನಮ್ಮ ನಾಡಿನ ಸಾಹಿತ್ಯಕ್ಕೂ ಧರ್ಮಕ್ಕೂ ಹೊರಗಾದುದಲ್ಲವೆಂಬುದು ಸ್ಪಷ್ಟವಾಗುವುದು.

ಈ ವಿದ್ಯೆಯ ಪ್ರಾಚೀನ ನಿಯಮಗಳನ್ನು ಅರಿಯಲು ಎರಡು ಗ್ರಂಥಗಳು ನೆರವಾಗುತ್ತವೆ. ಅವುಗಳಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವು ಬಹುಕಾಲ ಕಾಣೆಯಾಗಿದ್ದು, ಮೈಸೂರಿನ ಪ್ರಾಚ್ಯಕೋಶಾಗಾರದಲ್ಲಿ ಪಂಡಿತ ಆರ್. ಶಾಮಶಾಸ್ತ್ರಿಗಳ ಕೈಗೆ ಸಿಕ್ಕಿ, ೧೯೦೯ರಲ್ಲಿ ಮುದ್ರಿತವಾಯಿತೆಂಬುದು ಕನ್ನಡಿಗರಿಗೆ ಹೆಮ್ಮೆಯ ಸಂಗತಿ. ಅದರ ನಾಲ್ಕನೆಯ ಅಧಿಕರಣದಲ್ಲಿ ಅಗಸರಿಗೆ ಸಂಬಂಧಿಸಿದ ಕಟ್ಟಳೆಗಳಿವೆ. ಬಟ್ಟೆಯನ್ನು ಮರದ ಹಲಗೆಯ ಮೇಲಾಗಲಿ ನುಣುಪಾದ ಕಲ್ಲಿನ ಮೇಲಾಗಲಿ ಒಗೆಯಬೇಕು. ಬೇರೆಡೆ ಒಗೆದು ಕೆಡಿಸಿದರೆ ನಷ್ಟವನ್ನು ತುಂಬಿಕೊಡುವುದಲ್ಲದೆ ಆರು ಪಣ ದಂಡವನ್ನೂ ತೆರಬೇಕು. ಮುದ್ಗರದ ಗುರುತುಳ್ಳ ತನ್ನ ಬಟ್ಟೆಯನ್ನಲ್ಲದೆ ಬೇರೆಯದನ್ನು ಉಟ್ಟುಕೊಂಡ ಅಗಸನಿಗೆ ಮೂರು ಪಣ ದಂಡ. ಪರರ ಬಟ್ಟೆಯನ್ನು ಮಾರಿದರೆ, ಬಾಡಿಗೆಗೆ ಕೊಟ್ಟರೆ, ಒತ್ತೆಯಿಟ್ಟರೆ ಹನ್ನೆರಡು ಪಣ. ಇವುಗಳಿಗಿಂತಲೂ ಕುತೂಹಲಕರವಾದುದು ಕಾಲದ ಕಟ್ಟಳೆ. ಬಿಳಿಯ ಬಟ್ಟೆಗೆ ಬಯಸಿದ ಬಿಳುಪಿನ ತರಕ್ಕೆ ತಕ್ಕಂತೆ ಒಂದೊಂದು ರಾತ್ರಿ ಹೆಚ್ಚಿಗೆ ಅವಧಿ. ಮೊಗ್ಗಿನಂಥ ಬಿಳುಪಿಗೆ ಒಂದು ರಾತ್ರಿಯಾದರೆ, ಉಜ್ಜಿ ತೆಗೆದ ಅತ್ಯಂತ ಶುಭ್ರವಾದ ಬಿಳುಪಿಗೆ ನಾಲ್ಕು ರಾತ್ರಿ. ತಿಳಿಬಣ್ಣದ ಬಟ್ಟೆಗೆ ಐದು, ನೀಲಿಗೆ ಆರು, ಅರಗು ಮಂಜಿಷ್ಠಗಳ ಕೆಂಪಿಗೂ ಎಚ್ಚರದಿಂದ ಉಪಚರಿಸಬೇಕಾದ ಉತ್ತಮ ವಸ್ತ್ರಕ್ಕೂ ಏಳು. ಅವಧಿ ಮೀರಿದರೆ ಕೂಲಿ ಹೋಯಿತು.

ಎರಡನೆಯದಾದ ಮನುಸ್ಮೃತಿಯಲ್ಲಿ ದ್ರವ್ಯಗಳ ವಿಚಾರವಿದೆ. ರೇಷ್ಮೆ ಉಣ್ಣೆಗಳಿಗೆ ಕ್ಷಾರದ ಮಣ್ಣು, ಕುತಪವೆಂಬ ಕಂಬಳಿಗೆ ಅರಿಷ್ಟ ಎಂದರೆ ಅಂಟುವಾಳ, ನಯವಾದ ವಲ್ಕವಸ್ತ್ರಕ್ಕೆ ಬಿಲ್ವದ ಕಾಯಿ, ನಾರುಬಟ್ಟೆಗೆ ಬಿಳಿಯ ಸಾಸಿವೆ ಎಂದು ಅಲ್ಲಿ ವಿಂಗಡಿಸಿದೆ. ಕ್ಷಾರವು ರೇಷ್ಮೆಗೆ ಹಿತವಲ್ಲವೆಂದು ಇಂದಿನ ರಸಾಯನಶಾಸ್ತ್ರವು ಹೇಳುವುದಾದರೂ, ಒಂದೊಂದು ನೂಲಿಗೆ ಒಂದೊಂದು ದ್ರವ್ಯ ತಕ್ಕುದೆಂಬ ತತ್ತ್ವವನ್ನು ಅಷ್ಟು ಹಿಂದೆಯೇ ಕಂಡುಕೊಂಡಿದ್ದರೆಂಬುದು ಗಮನಿಸತಕ್ಕದ್ದು. ಅಗಸನು ಬೂರುಗದ ನುಣುಪು ಹಲಗೆಯ ಮೇಲೆ ಮೆಲ್ಲಮೆಲ್ಲನೆ ಒಗೆಯಬೇಕೆಂದೂ, ಒಬ್ಬರ ಬಟ್ಟೆಯನ್ನು ಮತ್ತೊಬ್ಬರದರೊಂದಿಗೆ ಬೆರಸಬಾರದೆಂದೂ ಅದೇ ಸ್ಮೃತಿಯು ವಿಧಿಸುತ್ತದೆ.

ಬೆರಸದಿರಬೇಕಾದರೆ ಗುರುತು ಬೇಕು. ನಮ್ಮ ಮಡಿವಾಳರು ಅದಕ್ಕಾಗಿ ಕಾಡಿನಲ್ಲಿ ಬೆಳೆಯುವ ಕರಿಗೇರಿನ ಕಾಯಿಯ ರಸವನ್ನು ಉಪಯೋಗಿಸುತ್ತಿದ್ದರು. ಸುಣ್ಣ ಸೋಕಿದರೆ ಈ ರಸವು ಕಪ್ಪಾಗಿ ನೂಲಿನಲ್ಲಿ ನಿಂತುಬಿಡುವುದು. ಎಷ್ಟು ಒಗೆದರೂ ಹೋಗದು. ಪಾಶ್ಚಾತ್ಯರು ಈ ಕಾಯಿಗೆ ‘ಗುರುತಿನ ಕಾಯಿ’ ಎಂಬ ಅರ್ಥದ ಹೆಸರನ್ನು ಇಟ್ಟಿರುವುದಕ್ಕೆ ಇದೇ ಕಾರಣ. ಮನೆಗೊಂದು ಚುಕ್ಕೆ, ಮನೆಗೊಂದು ಗೀರು ಎಂದು ಹಾಕಿ, ಓದುಬರೆಹವಿಲ್ಲದೆಯೂ ನೂರಾರು ಮನೆಗಳ ಬಟ್ಟೆಯನ್ನು ತಪ್ಪದೆ ಹಿಂದಿರುಗಿಸುತ್ತಿದ್ದ ಮಡಿವಾಳನ ಜ್ಞಾಪಕಶಕ್ತಿಯು ಸಾಮಾನ್ಯವಾದುದಲ್ಲ.

ಇನ್ನು ಕೊಳೆ ಹೋಗುವ ಬಗೆಯನ್ನು ಸ್ವಲ್ಪ ವಿಚಾರಿಸೋಣ. ಜರ್ಮನಿಯ ಹೆರ್ಬೆರ್ಟ್ ಸಿನ್ನರ್ ಎಂಬ ರಸಾಯನಜ್ಞನು ೧೯೫೯ರಲ್ಲಿ ಒಂದು ಸುಲಭವಾದ ಸೂತ್ರವನ್ನು ಹೇಳಿದನು. ಬಟ್ಟೆ ಶುಚಿಯಾಗಲು ನಾಲ್ಕು ಅಂಗಗಳು ಕೂಡಬೇಕು: ದ್ರವ್ಯ, ಬಲ, ಉಷ್ಣ, ಕಾಲ. ಇವುಗಳಲ್ಲಿ ಒಂದನ್ನು ಕಡಮೆ ಮಾಡಿದರೆ ಉಳಿದವುಗಳಲ್ಲಿ ಒಂದನ್ನೋ ಎರಡನ್ನೋ ಹೆಚ್ಚಿಸಲೇಬೇಕು. ಉಷ್ಣವನ್ನು ಕಳೆದರೆ ಹೆಚ್ಚು ಹೊತ್ತು ನೆನೆಸಬೇಕು. ಹೊತ್ತು ಸಾಲದಿದ್ದರೆ ಬಲವನ್ನೋ ದ್ರವ್ಯವನ್ನೋ ಹೆಚ್ಚಿಸಬೇಕು. ಕೌಟಿಲ್ಯನು ಬಿಳುಪಿನ ತರಕ್ಕೆ ರಾತ್ರಿಗಳನ್ನು ಎಣಿಸಿ ಕೊಟ್ಟುದರ ಅರ್ಥವು ಈ ಸೂತ್ರದಿಂದ ಚೆನ್ನಾಗಿ ಬೆಳಗುತ್ತದೆ. ಪ್ರಾಚೀನರ ವಿಧಾನವು ಉಷ್ಣದಲ್ಲಿ ಜಿಪುಣ, ಕಾಲದಲ್ಲಿ ಧಾರಾಳಿ. ಬಲದ ವಿಷಯವನ್ನು ಮುಂದೆ ನೋಡೋಣ.

ದ್ರವ್ಯವು ಆಯಾ ಸೀಮೆಯ ನೆಲವನ್ನೇ ಅನುಸರಿಸುತ್ತಿತ್ತು. ಘಟ್ಟದ ಮೇಲಣ ಬಯಲುಸೀಮೆಯಲ್ಲಿ ಮಳೆ ಕಡಮೆ. ಅಲ್ಲಿ ತಗ್ಗಿನಲ್ಲಿ ನೀರು ಆರಿದ ಮೇಲೆ ನೆಲದಲ್ಲಿ ಬೆಳ್ಳನೆಯ ಸವಳು ಮೇಲೇಳುವುದು. ಇದು ಬಹುಮಟ್ಟಿಗೆ ಸೋಡಾಕ್ಷಾರ. ಇದನ್ನೇ ಅಗಸನು ಬಟ್ಟೆಗೂ, ಬಳೆಗಾರನು ಗಾಜಿಗೂ ಬಳಸುತ್ತಿದ್ದರು. ಚಿತ್ರದುರ್ಗ ಸೀಮೆಯ ಮತ್ತೋಡಿನ ಗಾಜಿನ ಬಳೆಯ ಕೆಲಸವನ್ನು ಫ್ರಾನ್ಸಿಸ್ ಬುಕಾನನನು ೧೮೦೧ರ ತನ್ನ ಪ್ರವಾಸದಲ್ಲಿ ಕಂಡು ಬರೆದಿಟ್ಟಿದ್ದಾನೆ. ಆದರೆ ಅದೇ ವರ್ಷ ಆತನು ಕಾರ್ಕಳ ಉಡುಪಿಗಳ ಮೂಲಕ ಹಾದುಹೋದ ಈ ಕರಾವಳಿಯ ಸೀಮೆಯ ನೆಲವೇ ಬೇರೆ. ವರ್ಷಕ್ಕೆ ಸುಮಾರು ನಾಲ್ಕು ಸಾವಿರ ಮಿಲಿಮೀಟರು ಮಳೆ ಸುರಿಯುವ ಇಲ್ಲಿ ಮಣ್ಣಿನ ಉಪ್ಪೆಲ್ಲ ಕೊಚ್ಚಿ ಕಡಲಿಗೆ ಹೋಗುವುದು. ಸವಳು ನಿಲ್ಲುವುದಕ್ಕೆ ಎಡೆಯಿಲ್ಲ. ಆದುದರಿಂದ ಇಲ್ಲಿಯವರಿಗೆ ಕ್ಷಾರವೆಂದರೆ ಒಲೆಯ ಬೂದಿ. ಬಾಳೆಯ ದಿಂಡು, ತೆಂಗಿನ ಸಿಪ್ಪೆ, ಗರಿ, ಮಡಲುಗಳ ಬೂದಿಯಲ್ಲಿ ಪೊಟ್ಯಾಸಿನ ಕ್ಷಾರವು ಹೇರಳವಾಗಿರುತ್ತದೆ. ಆ ಬೂದಿಯನ್ನು ನೀರಿನಲ್ಲಿ ಕದಡಿ ಸೋಸಿ ತೆಗೆದ ತಿಳಿಯು ಬಟ್ಟೆಯ ಜಿಡ್ಡನ್ನು ಕರಗಿಸುವುದು. ಅಡಿಗೆಗೆ ಉರಿದ ಬೆಂಕಿಯ ಶೇಷವೇ ಬಟ್ಟೆಗೆ ದ್ರವ್ಯವಾದುದರಿಂದ, ಇದಕ್ಕಾಗಿ ಬೇರೆ ಇಂಧನವನ್ನು ವ್ಯಯಿಸಬೇಕಾಗುತ್ತಿರಲಿಲ್ಲ.

ಬೂದಿಯ ಜೊತೆಗೆ ಅಂಟುವಾಳ. ಇದನ್ನು ನೊರೆಕಾಯಿ ಎಂದೂ ಕರೆಯುವರು. ಕಾಯಿಯ ತೊಗಟೆಯನ್ನು ನೆನೆಸಿ ಕಿವುಚಿದರೆ ನೊರೆಯು ತುಂಬಿ ಬರುವುದು. ಅದರಲ್ಲಿರುವ ಸ್ಯಾಪೊನಿನ್ ಎಂಬ ದ್ರವ್ಯವು ಸಾಬೂನಲ್ಲವಾದರೂ, ನೀರಿನ ಮೇಲ್ಮೈಯ ಬಿಗಿತವನ್ನು ಸಡಿಲಿಸಿ ಕೊಳೆಯನ್ನು ನೂಲಿನಿಂದ ಬಿಡಿಸುವ ಕೆಲಸದಲ್ಲಿ ಸಾಬೂನಿಗೆ ಸಮಾನ. ಕ್ಷಾರವಿಲ್ಲದುದರಿಂದ ರೇಷ್ಮೆಗೂ ಜರಿಗೂ ಅಪಾಯವಿಲ್ಲ. ಪಟ್ಟೆಸೀರೆಗಳನ್ನು ಅಂಟುವಾಳದಲ್ಲಿ ಒಗೆಯುವ ವಾಡಿಕೆಯು ಕೆಲವು ಮನೆಗಳಲ್ಲಿ ಇಂದಿಗೂ ಉಳಿದಿದೆ. ಆದರೆ ಗಿಡದಿಂದ ಬಂದುದೆಲ್ಲ ನಿರಪಾಯವೆಂದು ತಿಳಿಯಲಾಗದು. ಇದೇ ಸ್ಯಾಪೊನಿನ್ ಮೀನಿಗೆ ವಿಷ; ಇಂಥ ಕಾಯಿಗಳನ್ನು ಜಜ್ಜಿ ನಿಂತ ನೀರಿಗೆ ಹಾಕಿ ಮೀನು ಹಿಡಿಯುವ ಪದ್ಧತಿಯೂ ಇತ್ತು. ಹರಿಯುವ ಹೊಳೆಯಲ್ಲಿ ಸ್ವಲ್ಪವಾಗಿ ಬೆರೆತುದರಿಂದ ಬಾಧೆ ತಟ್ಟಲಿಲ್ಲವೆನ್ನುವುದೇ ಸರಿಯಾದ ಮಾತು.

ಉಷ್ಣವು ಬೇಕೇ ಬೇಕೆನಿಸಿದಾಗ ಮಡಿವಾಳರು ಹೂಡುತ್ತಿದ್ದ ಉಪಾಯವೇ ಉಬ್ಬೆ. ಕ್ಷಾರದ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಗಳನ್ನು ತಿರುಚಿ, ನೀರು ತುಂಬಿದ ದೊಡ್ಡ ಬಾನೆಯ ಬಾಯಿಯ ಸುತ್ತ ಗೋಪುರದಂತೆ ಒಟ್ಟಿ, ಮೇಲೆ ಮುಚ್ಚಿ, ಕೆಳಗೆ ಬೆಂಕಿ ಹಾಕುವರು. ಹಬೆಯು ಬಟ್ಟೆಯ ನಡುವೆ ಏರಿ, ತಣಿದು ನೀರಾಗುವಾಗ ತನ್ನೊಳಗಿನ ಉಷ್ಣವನ್ನೆಲ್ಲ ಬಟ್ಟೆಗೆ ಕೊಡುವುದು. ರಾತ್ರಿಯೆಲ್ಲ ಹೀಗೆ ಬೆಂದ ಬಟ್ಟೆಯನ್ನು ಬೆಳಗ್ಗೆ ಹೊಳೆಗೆ ಒಯ್ಯುವರು. ಇದರಲ್ಲಿರುವ ಮಿತವ್ಯಯವನ್ನು ವಾಚಕರು ಗಮನಿಸಬೇಕು. ಕಡಾಯಿಯಲ್ಲಿ ಮುಳುಗಿಸಿ ಕುದಿಸುವುದಾದರೆ ಬಟ್ಟೆಯ ತೂಕದ ಹಲವು ಪಾಲು ನೀರನ್ನು ಕಾಯಿಸಬೇಕು; ಸೌದೆಯ ಬಹುಭಾಗವು ನೀರಿಗೇ ಹೋಗುವುದು. ಉಬ್ಬೆಯಲ್ಲಾದರೋ ಬಟ್ಟೆ ಹೀರಿಕೊಂಡಿರುವಷ್ಟು ನೀರೂ ಬಾನೆಯೊಳಗಿನ ಅಲ್ಪ ನೀರೂ ಕಾದರೆ ಸಾಕು. ಹತ್ತಾರು ಮನೆಗಳ ಬಟ್ಟೆಗೆ ಒಂದೇ ಬೆಂಕಿ.

ಒಗೆದ ಮೇಲಣ ಕೆಲಸವು ಸೂರ್ಯನದು. ಹಿರಿಯಡ್ಕವೆಂಬ ಹೆಸರಿನಲ್ಲಿಯೇ ಇದರ ಸುಳಿವು ಇರುವಂತೆ ತೋರುತ್ತದೆ. ‘ಅಡ್ಕ’ವೆಂದರೆ ತುಳುನಾಡಿನಲ್ಲಿ ಸಾಗುವಳಿಯಿಲ್ಲದ ಬಯಲು ನೆಲ, ಹಿರಿದಾದ ಅಡ್ಕವೇ ಹಿರಿಯಡ್ಕ. ಮುರಕಲ್ಲಿನ ಇಂಥ ಬಯಲುಗಳಲ್ಲಿ ಮಳೆಗಾಲದ ತರುವಾಯ ನೆರಳಿಲ್ಲದ ಬಿಸಿಲು, ಒಣಹುಲ್ಲು. ಕೆಳಗೆ ಅನತಿದೂರದಲ್ಲಿ ಸ್ವರ್ಣೆಯ ನೀರು. ಮುರಕಲ್ಲು ಒರಟಾದುದರಿಂದ ಅದರ ಮೇಲೆ ಬಡಿದರೆ ಬಟ್ಟೆ ಹರಿದೀತು. ಹೊಳೆಯಲ್ಲಿ ನೀರು ನುಣುಪು ಮಾಡಿದ ಕರಿಯ ಶಿಲೆಯೇ ಒಗೆಯುವುದಕ್ಕೆ ಯೋಗ್ಯ. ಕೌಟಿಲ್ಯನ ‘ನುಣುಪಾದ ಕಲ್ಲು’ ಎಂಬ ಕಟ್ಟಳೆಯು ಈ ಸೀಮೆಗೆ ಹೇಳಿ ಮಾಡಿಸಿದಂತಿದೆ. ಬಿಸಿಲು ಬಟ್ಟೆಯನ್ನು ಒಣಗಿಸುವುದು ಮಾತ್ರವಲ್ಲದೆ ಬಿಳುಪೇರಿಸುವುದು. ರೋಗಾಣುಗಳನ್ನು ಕೊಲ್ಲುವುದೆಂಬುದನ್ನು ಡೌನ್ಸ್ ಮತ್ತು ಬ್ಲಂಟ್ ಎಂಬ ಆಂಗ್ಲ ವಿದ್ವಾಂಸರು ೧೮೭೭ರಲ್ಲಿ ಪ್ರಯೋಗದಿಂದ ತೋರಿಸಿದರು. ಮಳೆಗಾಲದ ನಾಲ್ಕು ತಿಂಗಳು ಸೂರ್ಯನ ದರ್ಶನವಿಲ್ಲದಿರುವಾಗ, ಬಚ್ಚಲ ಹಂಡೆಯ ಒಲೆಯ ಮೇಲ್ಗಡೆ ಬಿದಿರಿನ ಗಳು ಕಟ್ಟಿ, ಸ್ನಾನದ ನೀರಿಗೆ ಉರಿದ ಬೆಂಕಿಯ ಬಿಸಿಯಲ್ಲಿಯೇ ಬಟ್ಟೆಯನ್ನು ಆರಿಸಿಕೊಳ್ಳುತ್ತಿದ್ದರು. ಹೊಗೆಯ ವಾಸನೆಯು ಬಟ್ಟೆಗೆ ಹತ್ತುತ್ತಿತ್ತು. ಆದರೆ ಒಂದು ಕೊಳ್ಳಿಯೂ ಅಧಿಕವಾಗಿ ಖರ್ಚಾಗುತ್ತಿರಲಿಲ್ಲ.

ಇಷ್ಟರ ಮಟ್ಟಿಗೆ ಹಳೆಯ ಪದ್ಧತಿಯನ್ನು ಹೊಗಳಿ ನಿಲ್ಲಿಸಿಬಿಡುವುದು ಸುಲಭ. ಆದರೆ ಸಿನ್ನರನ ನಾಲ್ಕು ಅಂಗಗಳಲ್ಲಿ ಬಲವೆಂಬುದೊಂದು ಉಳಿದಿದೆ. ಆ ಬಲವು ಎಲ್ಲಿಂದ ಬಂದಿತು? ಮಡಿವಾಳರ, ಮಡಿವಾಳಗಿತ್ತಿಯರ ತೋಳಿನಿಂದ ಬಂದಿತು. ಮೊಣಕಾಲುದ್ದ ನೀರಿನಲ್ಲಿ ಬೆಳಗಿನಿಂದ ಸಂಜೆಯವರೆಗೆ ನಿಂತು, ಒದ್ದೆ ಬಟ್ಟೆಯನ್ನು ತಲೆಯ ಮೇಲೆತ್ತಿ ಕಲ್ಲಿಗೆ ಬಡಿಯುವ ದುಡಿಮೆ ಅದು. ಕ್ಷಾರದಿಂದ ಅಂಗೈ ಬಿರಿಯುವುದು, ಕಾಲಬೆರಳುಗಳ ಸಂದು ಕೊಳೆಯುವುದು, ಸೊಂಟ ಹಿಡಿಯುವುದು. ಇವು ಆ ಕಸುಬಿನ ನಿತ್ಯದ ಫಲ. ಸೌದೆ ಉಳಿಯಿತು, ನಿಜ; ಉಳಿದ ಸೌದೆಗೆ ಬದಲಾಗಿ ಸವೆದುದು ಮನುಷ್ಯನ ದೇಹ.

ಅದಕ್ಕೆ ದೊರೆತ ಪ್ರತಿಫಲವಾದರೂ ಎಷ್ಟು? ಘಟ್ಟದ ಮೇಲಣ ಹಳ್ಳಿಗಳಲ್ಲಿ ಅಗಸನು ಹನ್ನೆರಡು ಆಯಗಾರರಲ್ಲಿ ಒಬ್ಬನಾಗಿ ಸುಗ್ಗಿಯಲ್ಲಿ ಧಾನ್ಯದ ಪಾಲನ್ನು ಪಡೆಯುತ್ತಿದ್ದನು. ಕರಾವಳಿಯಲ್ಲಿಯೂ ಮನೆಮನೆಯಿಂದ ಬತ್ತ, ಹಬ್ಬಹರಿದಿನಗಳಲ್ಲಿ ಊಟ, ಶುಭಾಶುಭಗಳಲ್ಲಿ ಕಾಣಿಕೆ ಎಂಬುದೇ ಕ್ರಮ. ಹಣದ ಲೆಕ್ಕವಿಲ್ಲದ ಈ ಏರ್ಪಾಡಿನಲ್ಲಿ ಬರಗಾಲದಲ್ಲಿಯೂ ಒಂದು ತುತ್ತಿನ ಭರವಸೆ ಇತ್ತು. ಆದರೆ ಇಷ್ಟೇ ಬಟ್ಟೆಯೆಂಬ ಮಿತಿಯಾಗಲಿ, ಒಲ್ಲೆನೆನ್ನುವ ಸ್ವಾತಂತ್ರ್ಯವಾಗಲಿ ಇರಲಿಲ್ಲ. ಹುಟ್ಟಿದ ಮನೆತನವೇ ಕಸುಬನ್ನು ನಿಶ್ಚಯಿಸುತ್ತಿತ್ತು.

ಇದರಲ್ಲಿ ಒಂದು ವಿಚಿತ್ರವಾದ ವಿರೋಧವೂ ಕಾಣಬರುತ್ತದೆ. ತುಳುನಾಡಿನ ಅನೇಕ ಮನೆತನಗಳಲ್ಲಿ ಹೆರಿಗೆಯ ಮತ್ತು ಸಾವಿನ ಸೂತಕವು ತೊಲಗಬೇಕಾದರೆ ಮಡಿವಾಳರು ಒಗೆದು ತಂದ ಬಟ್ಟೆಯನ್ನು ಉಡಲೇಬೇಕು. ಭೂತಕೋಲಗಳಲ್ಲಿ ನೆಲದ ಮೇಲೆ ಹಾಸುವ ಮಡಿಬಟ್ಟೆಯೂ, ದೈವದ ಮುಂದೆ ಹಿಡಿಯುವ ದೀವಟಿಗೆಯೂ ಅವರ ಕೈಯಿಂದಲೇ ಬರತಕ್ಕವು. ಅವರಿಲ್ಲದೆ ಶುದ್ಧಿಯಿಲ್ಲ. ಆದರೂ ಅವರು ಒಗೆದು ತಂದ ಬಟ್ಟೆಯನ್ನು ಆಚಾರವಂತರ ಮನೆಗಳಲ್ಲಿ ಮತ್ತೊಮ್ಮೆ ನೀರಿನಲ್ಲಿ ಅದ್ದಿ ಹಿಂಡಿ, ಯಾರೂ ಮುಟ್ಟದಂತೆ ಒಣಗಿಸಿದ ಮೇಲೆಯೇ ‘ಮಡಿ’ ಎನ್ನುತ್ತಿದ್ದರು. ಮಡಿಯೆಂಬ ಮಾತನ್ನು ತಮ್ಮ ಕುಲದ ಹೆಸರಿನಲ್ಲಿಯೇ ಹೊತ್ತವರ ಕೈ ಮಡಿಯಲ್ಲವಾಯಿತು. ಹನ್ನೆರಡನೆಯ ಶತಮಾನದಲ್ಲಿ ಮಾಚಿದೇವನು ಕಾಯಕವೇ ಶುದ್ಧಿಯೆಂದು ಸಾರಿದ್ದರೂ, ಸಮಾಜವು ಆ ಪಾಠವನ್ನು ಕಲಿಯಲು ಬಹಳ ಕಾಲ ಹಿಡಿಯಿತು.

ತಮ್ಮ ಬಟ್ಟೆಯನ್ನು ತಾವೇ ಒಗೆದುಕೊಳ್ಳುವುದು ಒಂದು ನೀತಿಯೆಂಬುದನ್ನು ಇಪ್ಪತ್ತನೆಯ ಶತಮಾನದಲ್ಲಿ ಬಲವಾಗಿ ಎತ್ತಿ ಹಿಡಿದವರು ಮಹಾತ್ಮ ಗಾಂಧಿಯವರು. ದಕ್ಷಿಣ ಆಫ್ರಿಕದಲ್ಲಿ ವಕೀಲರಾಗಿದ್ದಾಗ ಅಗಸರ ಕೂಲಿಯ ವೆಚ್ಚವನ್ನು ತಾಳಲಾರದೆ ಅವರು ಒಗೆಯುವ ವಿದ್ಯೆಯ ಪುಸ್ತಕವನ್ನು ಓದಿ ಕಲಿತು, ಮೊದಲ ಸಲ ಕೊರಳಪಟ್ಟಿಗೆ ಗಂಜಿಯನ್ನು ಅತಿಯಾಗಿ ಹಚ್ಚಿ, ಅದು ನ್ಯಾಯಾಲಯದಲ್ಲಿ ಉದುರತೊಡಗಿದಾಗ ಸಹೋದ್ಯೋಗಿಗಳ ನಗೆಗೆ ಈಡಾದುದನ್ನು ತಮ್ಮ ಆತ್ಮಕಥೆಯಲ್ಲಿ ವಿನೋದದಿಂದ ಬರೆದಿದ್ದಾರೆ. ಮೊದಲಿಗೆ ಹಣದ ಉಳಿತಾಯಕ್ಕಾಗಿ ಆರಂಭಿಸಿದುದು ಮುಂದೆ ಆಶ್ರಮಗಳಲ್ಲಿ ಸ್ವಾವಲಂಬನೆಯ ನಿಯಮವಾಯಿತು. ೧೯೩೪ರ ಫೆಬ್ರವರಿಯಲ್ಲಿ ಹರಿಜನ ಪ್ರವಾಸದ ಸಂದರ್ಭದಲ್ಲಿ ಅವರು ಉಡುಪಿಗೂ ಬಂದಿದ್ದರು. ಒಬ್ಬನ ಕೊಳೆಯು ಮತ್ತೊಬ್ಬನ ಹುಟ್ಟಿನ ಹಣೆಬರಹವಾಗಬಾರದೆಂಬುದು ಆ ಪ್ರವಾಸದ ಸಂದೇಶದಿಂದ ದೂರವಾದುದಲ್ಲ.

ಇತ್ತ ದ್ರವ್ಯದ ಚರಿತ್ರೆಯು ಪಶ್ಚಿಮದಲ್ಲಿ ಬೇರೊಂದು ದಾರಿಯನ್ನು ಹಿಡಿದಿತ್ತು. ೧೭೯೧ರಲ್ಲಿ ಫ್ರಾನ್ಸಿನ ಲೆಬ್ಲಾಂಕನು ಉಪ್ಪಿನಿಂದ ಸೋಡಾಕ್ಷಾರವನ್ನು ಮಾಡುವ ಕ್ರಮವನ್ನು ಕಂಡುಹಿಡಿದನು. ೧೮೨೩ರಲ್ಲಿ ಶೆವ್ರಲ್ ಎಂಬವನು ಕೊಬ್ಬಿನ ರಚನೆಯನ್ನು ಬಿಡಿಸಿ ತೋರಿಸಿದನು. ೧೮೬೧ರಲ್ಲಿ ಬೆಲ್ಜಿಯಮ್ಮಿನ ಸಾಲ್ವೆಯು ಸೋಡಾವನ್ನು ಇನ್ನೂ ಅಗ್ಗವಾಗಿ ತಯಾರಿಸುವ ಬಗೆಯನ್ನು ಸಾಧಿಸಿದನು. ಬೂದಿಗೂ ಸವಳಿಗೂ ಕಾಯುವ ಕಾಲ ಹೋಗಿ, ಕಾರ್ಖಾನೆಯ ಸಾಬೂನಿನ ಕಾಲ ಬಂದಿತು. ೧೮೮೮ರಲ್ಲಿ ಲೀವರ್ ಸಹೋದರರ ಸನ್‌ಲೈಟ್ ಸಾಬೂನು ಕಲ್ಕತ್ತೆಯ ರೇವಿನಲ್ಲಿ ಇಳಿಯಿತು. ನಮ್ಮ ಕರಾವಳಿಯ ಕೊಬ್ಬರಿಯು ಸಾಬೂನಿನ ಮುಖ್ಯ ದ್ರವ್ಯಗಳಲ್ಲೊಂದು. ತೆಂಗಿನೆಣ್ಣೆಯ ಸಾಬೂನು ಉಪ್ಪುನೀರಿನಲ್ಲಿಯೂ ನೊರೆ ಕೊಡುವುದು. ತೆಂಗು ಇಲ್ಲಿ, ಸಾಬೂನು ಅಲ್ಲಿ ಎಂಬ ಸ್ಥಿತಿಯನ್ನು ತಪ್ಪಿಸಲು ೧೯೧೭ರಲ್ಲಿ ಕೊಚ್ಚಿಯಲ್ಲಿ ಟಾಟಾ ಎಣ್ಣೆಯ ಗಿರಣಿಯು ಸ್ಥಾಪಿತವಾಯಿತು. ಮೈಸೂರು ಸಂಸ್ಥಾನವು ೧೯೧೬ರಲ್ಲಿ ಶ್ರೀಗಂಧದೆಣ್ಣೆಯ ಕಾರ್ಖಾನೆಯನ್ನು ತೆರೆದು, ಬೆಂಗಳೂರಿನಲ್ಲಿ ಸರಕಾರಿ ಸಾಬೂನು ಕಾರ್ಖಾನೆಯನ್ನು ಸ್ಥಾಪಿಸಿತು.

ಸಾಬೂನು ಕೊಬ್ಬಿನಿಂದಾದುದರಿಂದ ಹೊಳೆಯಲ್ಲಿ ಬೇಗನೆ ಕರಗಿಹೋಗುವುದು. ಅದರ ತರುವಾಯ ಬಂದ ಕೃತಕ ಪುಡಿಗಳ ಕಥೆ ಬೇರೆ. ಭಾರತದಲ್ಲಿ ೧೯೫೯ರಲ್ಲಿ ಸರ್ಫ್, ೧೯೬೯ರಲ್ಲಿ ನಿರ್ಮಾ ಪುಡಿಗಳು ಬಳಕೆಗೆ ಬಂದು, ಗಡುಸು ನೀರಿನಲ್ಲಿಯೂ ಬಟ್ಟೆ ಒಗೆಯುವುದನ್ನು ಸುಲಭಗೊಳಿಸಿದವು. ಬಡವರ ಮನೆಗೂ ನೊರೆಯು ತಲುಪಿತು. ಇದು ಅಲ್ಪವಾದ ಉಪಕಾರವಲ್ಲ. ಆದರೆ ಇಂಥ ಪುಡಿಗಳ ಮೊದಲ ತರದವು ಮಣ್ಣಿನ ಅಣುಜೀವಿಗಳಿಂದ ಕರಗದೆ, ೧೯೫೦ರ ದಶಕದಲ್ಲಿ ಯುರೋಪಿನ ನದಿಗಳ ಮೇಲೆ ನೊರೆಯ ಗುಡ್ಡೆಗಳನ್ನು ಎಬ್ಬಿಸಿದ್ದವು. ಪಶ್ಚಿಮ ಜರ್ಮನಿಯು ೧೯೬೧ರಲ್ಲಿ ಕಾನೂನು ಮಾಡಿ, ಕರಗುವ ದ್ರವ್ಯವನ್ನೇ ಬಳಸಬೇಕೆಂದು ವಿಧಿಸಿತು. ಪುಡಿಗಳಿಗೆ ಬೆರಸುತ್ತಿದ್ದ ಫಾಸ್ಫೇಟು ಕೆರೆಗಳಲ್ಲಿ ಪಾಚಿಗೆ ಗೊಬ್ಬರವಾಗಿ ನೀರಿನ ಪ್ರಾಣವಾಯುವನ್ನು ಹೀರಿಸುವುದೆಂಬುದೂ ತಿಳಿದುಬಂದಿತು. ಬೆಂಗಳೂರಿನ ಬೆಳ್ಳಂದೂರು ಕೆರೆಯು ೨೦೧೫ರಲ್ಲಿ ನೊರೆಯನ್ನು ಬೀದಿಗೆ ಉಕ್ಕಿಸಿ, ಬೆಂಕಿಯನ್ನೂ ಹೊತ್ತಿಸಿಕೊಂಡು ಜಗತ್ತಿನ ಪತ್ರಿಕೆಗಳಲ್ಲಿ ಹೆಸರಾದುದನ್ನು ಕನ್ನಡಿಗರು ಮರೆತಿರಲಾರರು. ಸಂಸ್ಕರಿಸದೆ ಬಿಟ್ಟ ಚರಂಡಿಯ ನೀರೂ ಅದರೊಳಗಿನ ಒಗೆಪುಡಿಯೂ ಆ ನೊರೆಗೆ ಮೂಲ.

ಬಲದ ಭಾರವನ್ನು ಮನುಷ್ಯನ ತೋಳಿನಿಂದ ಇಳಿಸಿದುದು ವಿದ್ಯುತ್ತಿನ ಯಂತ್ರ. ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ನಮ್ಮ ಪಟ್ಟಣಗಳ ಮನೆಗಳನ್ನು ಹೊಕ್ಕ ಈ ಯಂತ್ರವು ಹೆಂಗಸರ ಪಾಲಿಗೆ ದೊಡ್ಡ ಬಿಡುಗಡೆಯೆಂಬುದರಲ್ಲಿ ಸಂಶಯವಿಲ್ಲ. ಏಕೆಂದರೆ ಮಡಿವಾಳರಿಗೆ ಕೊಡುವ ಶಕ್ತಿಯಿಲ್ಲದ ಮನೆಗಳಲ್ಲಿ ಒಗೆಯುವ ಕಲ್ಲಿನ ಮುಂದೆ ಬಾಗಿದವರು ಆ ಮನೆಯ ಹೆಂಗಸರೇ. ಆದರೆ ಯಂತ್ರದ ಲೆಕ್ಕವನ್ನೂ ನೋಡಬೇಕು. ಇಪ್ಪತ್ತೇಳು ಡಿಗ್ರಿಯಲ್ಲಿರುವ ೨೦ ಲೀಟರು ನೀರನ್ನು ೬೦ ಡಿಗ್ರಿಗೆ ಕಾಯಿಸಲು ಸುಮಾರು ಮುಕ್ಕಾಲು ಯುನಿಟ್ಟು ವಿದ್ಯುತ್ತು ಬೇಕು. ಪೀಪಾಯಿಯನ್ನು ತಿರುಗಿಸುವ ಮೋಟಾರಿಗೆ ಬೇಕಾಗುವುದು ಅದರ ಒಂದು ಸಣ್ಣ ಅಂಶ ಮಾತ್ರ. ಇನ್ನು ವಿದ್ಯುತ್ತಿನ ಬಿಸಿಯಲ್ಲಿಯೇ ಬಟ್ಟೆಯನ್ನು ಒಣಗಿಸುವುದಾದರೆ, ಬಟ್ಟೆಯಲ್ಲಿ ಉಳಿದ ಒಂದೊಂದು ಲೀಟರು ನೀರನ್ನು ಆವಿ ಮಾಡಲು ಸುಮಾರು ಮೂರರಲ್ಲಿ ಎರಡು ಪಾಲು ಯುನಿಟ್ಟು ಖರ್ಚು. ಒಂದು ತುಂಬು ಕಟ್ಟಿನಲ್ಲಿ ಮೂರು ಲೀಟರು ಉಳಿದಿದ್ದರೆ ಎರಡು ಯುನಿಟ್ಟು. ಇದೇ ಕೆಲಸವನ್ನು ಅಡ್ಕದ ಬಿಸಿಲು ಧರ್ಮಾರ್ಥವಾಗಿ ಮಾಡುತ್ತಿತ್ತು.

ಈ ಯುನಿಟ್ಟುಗಳು ಎಲ್ಲಿಂದ ಬರುತ್ತವೆ ಎಂಬುದಕ್ಕೆ ಉಡುಪಿ ಜಿಲ್ಲೆಯವರು ದೂರ ಹೋಗಬೇಕಾಗಿಲ್ಲ. ಕಾಪು ತಾಲೂಕಿನ ಯೆಲ್ಲೂರಿನಲ್ಲಿ, ಹಡಗುಗಳಲ್ಲಿ ಬರುವ ಪರದೇಶದ ಕಲ್ಲಿದ್ದಲನ್ನು ಉರಿಸುವ ೧೨೦೦ ಮೆಗಾವಾಟಿನ ಉಷ್ಣವಿದ್ಯುತ್ ಸ್ಥಾವರವು ೨೦೧೦ರಿಂದ ೨೦೧೨ರ ಅವಧಿಯಲ್ಲಿ ಕೆಲಸಕ್ಕೆ ತೊಡಗಿತು. ಒಂದು ಯುನಿಟ್ಟಿಗೆ ಸುಮಾರು ಅರ್ಧ ಕಿಲೋಗ್ರಾಂ ಕಲ್ಲಿದ್ದಲು ಎಂದಿಟ್ಟುಕೊಂಡರೆ, ಬಿಸಿನೀರಿನಲ್ಲಿ ಒಗೆದು ವಿದ್ಯುತ್ತಿನಿಂದ ಒಣಗಿಸಿದ ಒಂದು ಕಟ್ಟು ಬಟ್ಟೆಗೆ ಒಂದು ಕಿಲೋಗ್ರಾಮಿಗೂ ಮೀರಿದ ಕಲ್ಲಿದ್ದಲು ಉರಿಯುವುದು. ಹಿಂದೆ ಮಡಿವಾಳರ ಮೈಮೇಲೆ ಬಿದ್ದ ಭಾರವು ಈಗ ಚಿಮಣಿಯ ಬುಡದಲ್ಲಿ ವಾಸಿಸುವವರ ಗಾಳಿಯ ಮೇ‍ಲೂ, ಮುಂದಿನ ತಲೆಮಾರಿನ ಹವೆಯ ಮೇಲೂ ಬಿದ್ದಿದೆ. ಭಾರ ಇಳಿಯಿತೆಂದು ಹೇಳುವುದಕ್ಕಿಂತ ಸ್ಥಳ ಬದಲಾಯಿಸಿತೆಂದು ಹೇಳುವುದೇ ಒಪ್ಪುವುದು.

ನೀರಿನ ವಿಷಯವೂ ಹೀಗೆಯೇ. ಹಿರಿಯಡ್ಕದ ಸಮೀಪದ ಬಜೆಯಲ್ಲಿ ಸ್ವರ್ಣಾನದಿಗೆ ಕಟ್ಟಿದ ಅಣೆಕಟ್ಟಿನಿಂದ ಉಡುಪಿ ಮಣಿಪಾಲಗಳಿಗೆ ನೀರು ಹರಿದುಬರುತ್ತದೆ. ನಾಲ್ಕು ಸಾವಿರ ಮಿಲಿಮೀಟರು ಮಳೆಯ ಈ ನಾಡಿನಲ್ಲಿ ೨೦೧೯ರ ಮೇ ತಿಂಗಳಲ್ಲಿ ಆ ಅಣೆಕಟ್ಟಿನ ಒಡಲು ಬತ್ತಿ, ಪಟ್ಟಣದವರು ಟ್ಯಾಂಕರುಗಳ ಹಾದಿಯನ್ನು ಕಾಯಬೇಕಾಯಿತು. ಹೊಳೆಗೆ ಬಟ್ಟೆಯನ್ನು ಒಯ್ಯುತ್ತಿದ್ದ ಕಾಲದಲ್ಲಿ ನೀರು ಹೊಳೆಯಲ್ಲಿಯೇ ಉಳಿಯುತ್ತಿತ್ತು. ಈಗ ಹೊಳೆಯನ್ನೇ ಕೊಳವೆಯಲ್ಲಿ ಮನೆಗೆ ತಂದು, ಬಳಸಿ, ಚರಂಡಿಗೆ ಬಿಡುವುದಾಗಿದೆ. ಯಂತ್ರಗಳಲ್ಲಿಯೂ ಮೇಲಿನಿಂದ ಬಟ್ಟೆ ತುಂಬುವವಕ್ಕೆ, ಮುಂದುಗಡೆಯಿಂದ ತುಂಬುವವಕ್ಕಿಂತ ಸಾಮಾನ್ಯವಾಗಿ ಹೆಚ್ಚು ನೀರು ಬೇಕು. ಅರ್ಧ ತುಂಬಿದ ಯಂತ್ರವನ್ನು ದಿನವೂ ನಡೆಸುವ ಮನೆಯು ಬೇಸಗೆಯಲ್ಲಿ ತನ್ನ ನೆರೆಯವರ ಕೊಡದಿಂದಲೇ ನೀರನ್ನು ಮೊಗೆಯುತ್ತದೆ.

ಹಾಗಾದರೆ ಮಾಡತಕ್ಕದ್ದೇನು? ಕಲ್ಲಿಗೆ ಮರಳಿ ಹೋಗಬೇಕೆನ್ನುವುದು ತಕ್ಕ ಉತ್ತರವಲ್ಲ. ಹಾಗೆನ್ನುವವರು ಆ ಕಲ್ಲಿನ ಮುಂದೆ ತಾವು ನಿಲ್ಲುವುದಿಲ್ಲವೆಂಬುದು ಚರಿತ್ರೆಯಿಂದ ಸ್ಪಷ್ಟವಾಗಿದೆ. ಹಳೆಯ ಪದ್ಧತಿಯಲ್ಲಿ ಉಳಿಸಿಕೊಳ್ಳತಕ್ಕುದು ಅದರ ಬಲವಲ್ಲ, ಅದರ ತಾಳ್ಮೆ. ಕೊಳೆಯನ್ನು ಉಷ್ಣದಿಂದ ಹೊಡೆದೋಡಿಸುವ ಬದಲು ರಾತ್ರಿಯೆಲ್ಲ ನೆನೆಸಿ ಸಡಿಲಿಸುವುದು ಕೌಟಿಲ್ಯನ ಕಾಲದಿಂದ ಬಂದ ಕ್ರಮ. ಹೊಸ ವಿಜ್ಞಾನವೂ ಅಲ್ಲಿಗೇ ಬಂದು ನಿಂತಿದೆ. ಜರ್ಮನಿಯ ಒಟ್ಟೊ ರ್ಯೋಮನು ೧೯೧೩ರಲ್ಲಿ ಒಗೆಯುವ ದ್ರವ್ಯಕ್ಕೆ ಕಿಣ್ವವನ್ನು ಬೆರಸುವ ಸನ್ನದನ್ನು ಪಡೆದನು. ೧೯೬೦ರ ದಶಕದ ತರುವಾಯ ಅಣುಜೀವಿಗಳಿಂದ ಪಡೆದ ಕಿಣ್ವಗಳು ಒಗೆಪುಡಿಗಳಲ್ಲಿ ಸಾಮಾನ್ಯವಾದವು. ರಕ್ತ, ಹಾಲು, ಬೆವರು, ಗಂಜಿಗಳ ಕಲೆಗಳನ್ನು ಇವು ಮೆಲ್ಲಗೆ ತುಂಡರಿಸುತ್ತವೆ. ಕುದಿಯುವ ನೀರಿನಲ್ಲಿ ಕೆಟ್ಟುಹೋಗುತ್ತವೆ. ಕರಾವಳಿಯ ಬಾವಿಯ ನೀರು ತಾನಾಗಿಯೇ ಅಷ್ಟು ತಣ್ಣಗಿರುವುದಿಲ್ಲವಾದುದರಿಂದ, ಯುರೋಪಿನವರು ನೀರು ಕಾಯಿಸಿ ಪಡೆಯುವ ಉಗುರುಬೆಚ್ಚಗಿನ ಸ್ಥಿತಿಗೆ ಇಲ್ಲಿ ಹೆಚ್ಚು ದೂರವಿಲ್ಲ. ರೋಗಿಯ ಹಾಸಿಗೆಬಟ್ಟೆಯೇ ಮೊದಲಾದವುಗಳಿಗೆ ಬಿಸಿನೀರು ಅಗತ್ಯ. ನಿತ್ಯದ ಉಡುಪಿಗೆ ಅಲ್ಲ.

ಅದರಂತೆಯೇ, ಯಂತ್ರವನ್ನು ತುಂಬಿಸಿ ನಡೆಸುವುದು, ಪುಡಿಯನ್ನು ಅಳತೆಯಿಂದ ಹಾಕುವುದು, ಬಿಸಿಲಿರುವ ಎಂಟು ತಿಂಗಳು ಹಗ್ಗದ ಮೇಲೆಯೇ ಒಣಗಿಸುವುದು, ಫಾಸ್ಫೇಟಿಲ್ಲದ ಸಾಬೂನಿನ ನೀರನ್ನು ಹಿಂದಿನವರು ಬಚ್ಚಲ ನೀರನ್ನು ಬಿಡುತ್ತಿದ್ದಂತೆ ಬಾಳೆಯ ಬುಡಕ್ಕೆ ಹರಿಸುವುದು, ಇವೆಲ್ಲ ಯಾರ ಬೆನ್ನನ್ನೂ ಬಾಗಿಸದ ಮಿತವ್ಯಯಗಳು. ಉಬ್ಬೆಯಲ್ಲಿ ಹತ್ತಾರು ಮನೆಗಳಿಗೆ ಒಂದೇ ಬೆಂಕಿ ಸಾಕಾಗುತ್ತಿದ್ದುದನ್ನು ನೆನೆದರೆ, ಒಂದು ವಠಾರಕ್ಕೆ ಒಂದೇ ಉತ್ತಮ ಯಂತ್ರವನ್ನು ಹಂಚಿಕೊಳ್ಳುವುದೂ ಹೊಸ ಯೋಚನೆಯೇನಲ್ಲ. ಅಲ್ಲಿ ದುಡಿಯುವವರು ಮಡಿವಾಳರೇ ಆಗಲಿ ಬೇರೆಯವರೇ ಆಗಲಿ, ಹುಟ್ಟಿನ ಕಟ್ಟಿನಿಂದಲ್ಲದೆ ತಮ್ಮ ಇಚ್ಛೆಯಿಂದ, ನ್ಯಾಯವಾದ ಕೂಲಿಗೆ, ಒಣಗಿದ ನೆಲದ ಮೇಲೆ ನಿಂತು ದುಡಿಯುವಂತಾಗಬೇಕು.

ಒಗೆದ ಬಟ್ಟೆಯನ್ನು ಮತ್ತೆ ನೀರಿನಲ್ಲಿ ಅದ್ದಿ ಮಡಿಯೆನ್ನುತ್ತಿದ್ದ ಕಾಲದಲ್ಲಿ, ಶುದ್ಧಿಯೆಂದರೆ ಯಾರು ಮುಟ್ಟಿದರೆಂಬ ಪ್ರಶ್ನೆಯಾಗಿತ್ತು. ಆ ಪ್ರಶ್ನೆಯನ್ನು ಬಿಟ್ಟು, ಈ ಬಿಳುಪಿಗಾಗಿ ಎಷ್ಟು ನೀರು ಹರಿಯಿತು, ಎಷ್ಟು ಇದ್ದಲು ಉರಿಯಿತು, ಯಾರ ಕೈ ಬಿರಿಯಿತು ಎಂದು ಕೇಳುವುದನ್ನು ನಮ್ಮ ಮನೆಗಳು ಕಲಿತರೆ, ಮಡಿಯೆಂಬ ಹಳೆಯ ಮಾತಿಗೆ ಮಾಚಿದೇವನು ಒಪ್ಪುವಂಥ ಅರ್ಥವು ಬಂದೀತು.